ಲೀಡ್ಸ್‌ನ ವಯಸ್ಕರ ತರಗತಿಯಲ್ಲಿ ಇಂದಿನ ಬ್ರಿಟಿಷ್ ಕಾದಂಬರಿ: ನಾನು ಓದಿದ್ದು ತಪ್ಪೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ಕಳೆದ ವರ್ಷ ನಿವೃತ್ತಳಾದೆ. ಕೆಲಸಕ್ಕೆ ಸೇರಿದ ದಿನದಿಂದ ಮುಂದೂಡುತ್ತ ಬಂದ ಓದನ್ನು ಈಗಲಾದರೂ ಹಿಡಿಯೋಣವೆಂದು 'ಇಂದಿನ ಬ್ರಿಟಿಷ್ ಕಾದಂಬರಿ' ಎಂಬ ವಯಸ್ಕರ ತರಗತಿಗೆ ಸೇರಿಕೊಂಡಿದ್ದೇನೆ. ಮಂಗಳವಾರ ಸಂಜೆ ಎರಡು ಗಂಟೆ, ಒಟ್ಟು ಹತ್ತು ವಾರ. ಪರೀಕ್ಷೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಗ್ರಂಥಾಲಯದ ಮೇಲಂತಸ್ತಿನ ಕೋಣೆಯಲ್ಲಿ ಹದಿಮೂರು ಜನ ದುಂಡಗೆ ಕುಳಿತುಕೊಳ್ಳುತ್ತೇವೆ. ನಡುವೆ ಹತ್ತು ನಿಮಿಷ ಚಹಾ; ಬಿಸ್ಕತ್ತು ತರುವುದು ಸರದಿಯ ಪ್ರಕಾರ. (ನನ್ನ ಸರದಿಯಲ್ಲಿ ಕೋಡುಬಳೆ ಒಯ್ದಿದ್ದೆ, ಡಬ್ಬಿ ಖಾಲಿಯಾಗಿ ಮರಳಿತು.) ಶಿವಮೊಗ್ಗದಲ್ಲಿರುವ ತಮ್ಮನಿಗೆ ಫೋನಿನಲ್ಲಿ ಈ ಸುದ್ದಿ ತಿಳಿಸಿದಾಗ ಅವನು, "ಅಕ್ಕಾ, ನಿನಗೆ ಅಕ್ಷರ ಬರುತ್ತದಲ್ಲ, ವಯಸ್ಕರ ಶಿಕ್ಷಣಕ್ಕೆ ಯಾಕೆ ಹೋಗುತ್ತೀ?" ಎಂದು ಗಾಬರಿಯಿಂದಲೇ ಕೇಳಿದ.

ಈಗ ಸಮಸ್ಯೆಗೆ ಬರುತ್ತೇನೆ. ಕಳೆದ ವಾರ ಕಜುವೊ ಇಶಿಗುರೊ ಅವರ 'ದಿ ರಿಮೇನ್ಸ್ ಆಫ್ ದಿ ಡೇ' ಕಾದಂಬರಿಯನ್ನು ಆರಂಭಿಸಿದೆವು. ಕಥೆ ಹೇಳುವವನು ಸ್ಟೀವನ್ಸ್ ಎಂಬ ಬಟ್ಲರ್. 1923ರಲ್ಲಿ ಅವನ ಯಜಮಾನನ ಬಂಗಲೆಯಲ್ಲಿ ಯುರೋಪಿನ ಗಣ್ಯರ ಸಮ್ಮೇಳನ ನಡೆಯುತ್ತಿರುವಾಗ, ಅದೇ ಮನೆಯಲ್ಲಿ ಕೆಲಸಕ್ಕಿದ್ದ ಅವನ ತಂದೆ ಮೇಲಿನ ಪುಟ್ಟ ಕೋಣೆಯಲ್ಲಿ ಸಾಯುತ್ತಿರುತ್ತಾರೆ. ಸ್ಟೀವನ್ಸ್ ಒಂದೆರಡು ಸಲ ಮೇಲೆ ಹೋಗಿ ನೋಡಿ, ಮತ್ತೆ ಕೆಳಗಿಳಿದು ಅತಿಥಿಗಳ ಲೋಟಗಳಿಗೆ ಮದ್ಯ ಸುರಿಯುವ ಕೆಲಸವನ್ನು ಮುಂದುವರಿಸುತ್ತಾನೆ. ತಂದೆ ತೀರಿಕೊಂಡರೆಂದು ಮನೆವಾರ್ತೆಯ ಮಿಸ್ ಕೆಂಟನ್ ಬಂದು ತಿಳಿಸಿದಾಗಲೂ ತಕ್ಷಣ ಮೇಲೆ ಹೋಗುವುದಿಲ್ಲ. ಕಣ್ಣು ಮುಚ್ಚುವ ಕೆಲಸವನ್ನು ಆಕೆಯೇ ಅವನ ಅನುಮತಿ ಕೇಳಿ ಮಾಡುತ್ತಾಳೆ.

ನಾನು ತರಗತಿಯಲ್ಲಿ ಕೈಯೆತ್ತಿ, ಈ ಪ್ರಸಂಗ ನನಗೆ ಘನತೆಯಾಗಿಯೇ ಕಂಡಿತು, ಹೊತ್ತ ಕೆಲಸವನ್ನು ನಡುವೆ ಇಳಿಸದವನ ಘನತೆ ಎಂದೆ. ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ಟ್ಯೂಟರ್ ಬಹಳ ಮೃದುವಾಗಿ, ಅದು ಸ್ಟೀವನ್ಸ್ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು, ಪುಸ್ತಕವೂ ಅದನ್ನೇ ಹೇಳುತ್ತಿದೆಯೇ ಎಂದು ನೋಡಬೇಕು ಎಂದರು. ಪಕ್ಕದಲ್ಲಿದ್ದ ನಿವೃತ್ತ ಶಾಲಾ ಶಿಕ್ಷಕಿ, ಇದು ಸಾಂಸ್ಕೃತಿಕ ವ್ಯತ್ಯಾಸವಿರಬಹುದು ಎಂದು ಸೇರಿಸಿದರು. ಟ್ಯೂಟರ್ ಹೇಳಿದ್ದು ನನಗೆ ಬೇಸರ ತರಲಿಲ್ಲ, ಆದರೆ ಈ ಎರಡನೆಯ ಮಾತು ಬಸ್ಸಿನಲ್ಲಿ ಮನೆಗೆ ಬರುವವರೆಗೂ ಚುಚ್ಚುತ್ತಲೇ ಇತ್ತು. ಮುಂದಿನ ಮಂಗಳವಾರವೂ ಇದೇ ಪುಸ್ತಕ. ನಾನು ಓದಿದ್ದು ತಪ್ಪೇ? ಅಥವಾ ಇಂಥ ತರಗತಿಯಲ್ಲಿ ಅವರು ಓದುವ ರೀತಿಯನ್ನೇ ನಾವು ಕಲಿಯಬೇಕೇ?

ಧಾರವಾಡದ ಮಾಸ್ತರ

ಮೇಡಂ, ನೇರವಾಗಿ ಹೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ: ತಪ್ಪು. ಸ್ಟೀವನ್ಸ್ 'ನಂಬಲರ್ಹನಲ್ಲದ ನಿರೂಪಕ'. ವೇನ್ ಬೂತ್ ಎಂಬ ಅಮೆರಿಕದ ವಿಮರ್ಶಕ 1961ರಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದ ಮೇಲೆ, ಅದಕ್ಕೆ ಉದಾಹರಣೆ ಬೇಕೆಂದಾಗ ಎಲ್ಲರೂ ಕೈಚಾಚುವ ಪುಸ್ತಕಗಳಲ್ಲಿ ಇದೂ ಒಂದು. ಮೂವತ್ತು ವರ್ಷ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡಿದವನಾಗಿ ಹೇಳುವುದಾದರೆ, ನಿರೂಪಕ ಘನತೆ, ಘನತೆ ಎಂದು ಪದೇ ಪದೇ ಹೇಳಿದಷ್ಟೂ ಓದುಗ ಅನುಮಾನಪಡಬೇಕು. ಅವನ ಯಜಮಾನ ಲಾರ್ಡ್ ಡಾರ್ಲಿಂಗ್ಟನ್ ಮುಂದೆ ನಾಜಿಗಳ ಕೈಗೊಂಬೆಯಾಗುತ್ತಾನೆ. ಯಹೂದಿ ಎಂಬ ಒಂದೇ ಕಾರಣಕ್ಕೆ ಇಬ್ಬರು ಕೆಲಸದ ಹುಡುಗಿಯರನ್ನು ತೆಗೆದುಹಾಕು ಎಂದಾಗ ನಮ್ಮ ಈ ಘನವಂತ ತುಟಿ ಬಿಚ್ಚದೆ ತೆಗೆದುಹಾಕುತ್ತಾನೆ. ಆ ಅಧ್ಯಾಯವನ್ನು ಓದಿದ ಮೇಲೂ ನೀವು ಘನತೆ ಎನ್ನುತ್ತೀರಾದರೆ ನನ್ನ ಬಳಿ ಉತ್ತರವಿಲ್ಲ.

ಚಾಮರಾಜಪೇಟೆ

ಮಾಸ್ತರರೇ, ಅಕ್ಕ ಕೇಳಿದ್ದು ಅಭಿಪ್ರಾಯವನ್ನು, ಅಂಕವನ್ನಲ್ಲ.

ಸಂಜೆ ಪಾಠ

ನಾನು ನಾಟಿಂಗ್‌ಹ್ಯಾಮ್ ಸುತ್ತಮುತ್ತ ಹನ್ನೊಂದು ವರ್ಷಗಳಿಂದ ಇಂಥದ್ದೇ ತರಗತಿಗಳಿಗೆ ಪಾಠ ಮಾಡುತ್ತಿರುವುದರಿಂದ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ, ಅವರು ಓದುವ ರೀತಿಯನ್ನು ಒಪ್ಪಿಸುವುದು ನಿಮ್ಮ ಕೆಲಸವಲ್ಲ. ಈ ತರಗತಿಗಳ ಹುಟ್ಟನ್ನು ತಿಳಿದರೆ ನಿಮಗೆ ಧೈರ್ಯ ಬಂದೀತು. ಕಾರ್ಮಿಕರ ಶಿಕ್ಷಣ ಸಂಘ, ಎಲ್ಲರೂ ಡಬ್ಲ್ಯುಇಎ ಎಂದು ಕರೆಯುವುದು, ಆರಂಭವಾದದ್ದು 1903ರಲ್ಲಿ. 1908ರಲ್ಲಿ ಆರ್.ಎಚ್. ಟಾನಿ ಎಂಬ ಇತಿಹಾಸಕಾರರು ಕುಂಬಾರಿಕೆಯ ಊರಾದ ಲಾಂಗ್ಟನ್ ಮತ್ತು ಬಟ್ಟೆ ಗಿರಣಿಗಳ ಊರಾದ ರಾಚ್‌ಡೇಲ್‌ಗಳಿಗೆ ಹೋಗಿ, ದಿನವಿಡೀ ದುಡಿದು ಬಂದವರಿಗೆ ಪಾಠ ಹೇಳತೊಡಗಿದರು. ಅಲ್ಲಿನ ಕಟ್ಟಳೆಯೇನೆಂದರೆ ಎರಡು ಗಂಟೆಯಲ್ಲಿ ಒಂದು ಗಂಟೆ ಮಾತ್ರ ಉಪನ್ಯಾಸ. ಉಳಿದ ಒಂದು ಗಂಟೆ ವಾದ. ನಿಮ್ಮ ಮಂಗಳವಾರದ ಎರಡು ಗಂಟೆ ಅಲ್ಲಿಂದ ಬಂದದ್ದು. ಎರಡನೇ ಮಹಾಯುದ್ಧದ ನಂತರ ರೇಮಂಡ್ ವಿಲಿಯಮ್ಸ್ ಸಸೆಕ್ಸ್‌ನ ಊರೂರುಗಳಲ್ಲಿ ಹದಿನೈದು ವರ್ಷ, ರಿಚರ್ಡ್ ಹಾಗರ್ಟ್ ಹಲ್ ವಿಶ್ವವಿದ್ಯಾಲಯದ ಪರವಾಗಿ ಹದಿಮೂರು ವರ್ಷ ವಯಸ್ಕರಿಗೆ ಸಾಹಿತ್ಯ ಪಾಠ ಮಾಡಿದರು. ಇಂದು ವಿಶ್ವವಿದ್ಯಾಲಯಗಳಲ್ಲಿ 'ಸಂಸ್ಕೃತಿ ಅಧ್ಯಯನ' ಎಂದು ಕರೆಯುವ ಶಾಖೆಯ ಬೇರು ಅಂಥ ಸಂಜೆಗಳಲ್ಲೇ ಇದೆ.

ಹಾಗೆಂದು ಯಾರು ಏನು ಹೇಳಿದರೂ ಸರಿ ಎಂದಲ್ಲ. ನನ್ನ ತರಗತಿಯಲ್ಲಿ ಒಂದೇ ನಿಯಮ: ಪುಟ ತೋರಿಸಿ. ಅಭಿಪ್ರಾಯ ಯಾರದ್ದಾದರೂ ಇರಲಿ, ಅದು ನಿಂತಿರುವ ವಾಕ್ಯದ ಮೇಲೆ ಬೆರಳಿಡಬೇಕು. ಅಕ್ಕಾ, ಆ ರಾತ್ರಿಯ ಪ್ರಸಂಗವನ್ನು ಇನ್ನೊಮ್ಮೆ ಓದಿ. ಈ ಸಲ ಸ್ಟೀವನ್ಸ್ ಏನು ಹೇಳುತ್ತಾನೆ ಎಂಬುದನ್ನು ಬಿಟ್ಟು, ಬೇರೆಯವರು ಅವನಿಗೆ ಏನು ಹೇಳುತ್ತಾರೆ ಎಂಬುದನ್ನಷ್ಟೇ ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ನಾನು ಉತ್ತರ ಹೇಳುವುದಿಲ್ಲ.

ಪುಸ್ತಕದ ಹುಳು

ಇದೇ ಪುಸ್ತಕಕ್ಕೆ ತಾನೇ 2017ರಲ್ಲಿ ನೊಬೆಲ್ ಬಂದದ್ದು? ಅಲ್ಲದೆ ಇಶಿಗುರೊ ಜಪಾನಿನವರಲ್ಲವೇ, 'ಬ್ರಿಟಿಷ್ ಕಾದಂಬರಿ' ಹೇಗಾಯಿತು?

ಧಾರವಾಡದ ಮಾಸ್ತರ

ನೊಬೆಲ್ ಒಂದು ಪುಸ್ತಕಕ್ಕಲ್ಲ, ಒಟ್ಟು ಬರವಣಿಗೆಗೆ. ಈ ಪುಸ್ತಕಕ್ಕೆ ಬಂದದ್ದು 1989ರ ಬುಕರ್. ಇಶಿಗುರೊ 1954ರಲ್ಲಿ ನಾಗಾಸಾಕಿಯಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ಇಂಗ್ಲೆಂಡಿಗೆ ಬಂದವರು. ತಂದೆ ಸಮುದ್ರವಿಜ್ಞಾನಿ. ಕೆಲವೇ ವರ್ಷಗಳಲ್ಲಿ ಹಿಂತಿರುಗುವೆವೆಂದು ಬಂದ ಕುಟುಂಬ ಗಿಲ್‌ಫರ್ಡ್ ಊರಿನಲ್ಲೇ ನೆಲೆನಿಂತಿತು. ಅಂಥ ಮನೆಯ ಹುಡುಗ ದೊಡ್ಡವನಾಗಿ, ಇಂಗ್ಲಿಷರಿಗಿಂತ ಇಂಗ್ಲಿಷನಾದ ಬಟ್ಲರ್ ಒಬ್ಬನ ಧ್ವನಿಯಲ್ಲಿ ಇಡೀ ಕಾದಂಬರಿ ಬರೆದದ್ದೇ ಅದರ ಸ್ವಾರಸ್ಯ.

ಕ್ಲೈಡ್ ದಂಡೆ

'ಬ್ರಿಟಿಷ್' ಎಂಬ ಪದದ ಬಗ್ಗೆಯೇ ನನ್ನ ತಕರಾರಿದೆ. ಗ್ಲಾಸ್ಗೋದಲ್ಲಿ ಹದಿನಾಲ್ಕು ವರ್ಷ ಇದ್ದವನು ನಾನು. ಇಂಥ ತರಗತಿಗಳ ಪಟ್ಟಿಗಳನ್ನು ನೋಡಿದರೆ ಬ್ರಿಟಿಷ್ ಎಂದರೆ ಲಂಡನ್, ಬಹಳವಾದರೆ ಲಂಡನ್ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ಜೇಮ್ಸ್ ಕೆಲ್ಮನ್ ಅವರಿಗೆ 1994ರಲ್ಲಿ ಬುಕರ್ ಬಂದಾಗ, ಗ್ಲಾಸ್ಗೋದ ಕೂಲಿಯವರ ಮಾತಿನಲ್ಲೇ ಬರೆದ ಆ ಕಾದಂಬರಿಯನ್ನು ಆರಿಸಿದ್ದಕ್ಕೆ ತೀರ್ಪುಗಾರರಲ್ಲೊಬ್ಬರು ಬಹಿರಂಗವಾಗಿಯೇ ಕಿಡಿಕಾರಿದ್ದರು. ಸ್ಕಾಟ್ಲೆಂಡಿನ ಇನ್ನೊಬ್ಬರಿಗೆ, ಡಗ್ಲಸ್ ಸ್ಟುವರ್ಟ್ ಅವರ 'ಶಗ್ಗಿ ಬೇನ್'ಗೆ, ಆ ಬಹುಮಾನ ಬರಲು 2020ರವರೆಗೆ ಕಾಯಬೇಕಾಯಿತು. ನಾನು ಹೋಗುತ್ತಿದ್ದ ಸಂಜೆ ತರಗತಿಯಲ್ಲಿ 'ಶಗ್ಗಿ ಬೇನ್' ಓದುವಾಗ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಇಬ್ಬರು, ಅರ್ಧ ಮಾತು ಅರ್ಥವಾಗುವುದಿಲ್ಲ, ಪದಕೋಶ ಕೊಡಬೇಕಿತ್ತು ಎಂದು ದೂರಿದರು. ನನಗೆ ಎದೆಯೊಳಗೇ ನಗು ಬಂತು. ಕಾಲೇಜಿನಲ್ಲಿ 'ಕುಸುಮಬಾಲೆ' ಓದುವಾಗ ಬೆಂಗಳೂರಿನ ಹುಡುಗರು ಹೇಳುತ್ತಿದ್ದದ್ದು ಅದನ್ನೇ, ನಂಜನಗೂಡಿನ ಕಡೆಯವನಾದ ನಾನು ಗಟ್ಟಿಯಾಗಿ ಓದಿ ತೋರಿಸಿದ ಮೇಲೆ ಅವರಿಗೆ ಕಿವಿ ತೆರೆದದ್ದು. ಗ್ಲಾಸ್ಗೋದಲ್ಲೂ ಆದದ್ದು ಅದೇ: ಹಡಗುಕಟ್ಟೆಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಶಗ್ಗಿಯ ತಾಯಿ ಆಗ್ನೆಸ್ ಬರುವ ಎರಡು ಪುಟಗಳನ್ನು ಗಟ್ಟಿಯಾಗಿ ಓದಿದರು, ಪದಕೋಶದ ಮಾತು ಮತ್ತೆ ಬರಲಿಲ್ಲ.

ಪುಸ್ತಕದ ಹುಳು

ಬುಕರ್ ಇಂಗ್ಲೆಂಡಿನವರಿಗೆ ಮಾತ್ರ ಮೀಸಲೆಂದುಕೊಂಡಿದ್ದೆ, ಸ್ಕಾಟ್ಲೆಂಡಿಗೂ ಕೊಡುತ್ತಾರೆಯೇ?

ಕ್ಲೈಡ್ ದಂಡೆ

ಸ್ವಾಮೀ, 1969ರಲ್ಲಿ ಆರಂಭವಾದಾಗಿನಿಂದಲೇ ಅದು ಬ್ರಿಟನ್ ಅಲ್ಲದೆ ಐರ್ಲೆಂಡ್ ಮತ್ತು ಕಾಮನ್‌ವೆಲ್ತ್ ದೇಶಗಳ ಲೇಖಕರಿಗೂ ತೆರೆದಿತ್ತು. 2014ರಿಂದ, ಇಂಗ್ಲಿಷಿನಲ್ಲಿ ಬರೆದು ಬ್ರಿಟನ್ನಿನಲ್ಲಿ (2018ರಿಂದ ಐರ್ಲೆಂಡಿನಲ್ಲೂ) ಪ್ರಕಟಿಸಿದ ಯಾವ ದೇಶದವರಿಗಾದರೂ ಬರಬಹುದು. ಅರುಂಧತಿ ರಾಯ್ ಅವರಿಗೆ 1997ರಲ್ಲಿ ಬಂದದ್ದನ್ನು ಮರೆತಿರಾ?

ಲೆಸ್ಟರ್ ಅಮ್ಮ

ತುಂಗಾತೀರದವರೇ, ಆ 'ಸಾಂಸ್ಕೃತಿಕ ವ್ಯತ್ಯಾಸ' ಎಂಬ ಮಾತು ನನಗೂ ಚೆನ್ನಾಗಿ ಗೊತ್ತು. ಅದು ಒಂದು ಬಾಗಿಲು: ಹಾಗೆಂದುಬಿಟ್ಟರೆ ನಿಮ್ಮ ಮಾತಿಗೆ ಉತ್ತರ ಹೇಳುವ ಹೊಣೆ ತಪ್ಪುತ್ತದೆ. ಆದರೂ ತರಗತಿ ಬಿಡಬೇಡಿ. ಯಾಕೆ ಹೇಳುತ್ತೇನೆಂದರೆ, ಐದಾರು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಆಂಡ್ರಿಯಾ ಲೆವಿ ಅವರ 'ಸ್ಮಾಲ್ ಐಲೆಂಡ್' ಇತ್ತು. 2004ರ ಕಾದಂಬರಿ, ಯುದ್ಧ ಮುಗಿದು 1948ರಲ್ಲಿ ಜಮೈಕಾದಿಂದ ಬಂದ ಗಿಲ್ಬರ್ಟ್ ಮತ್ತು ಹಾರ್ಟೆನ್ಸ್, ಅವರಿಗೆ ಕೋಣೆ ಬಾಡಿಗೆಗೆ ಕೊಡುವ ಲಂಡನ್ನಿನ ಕ್ವೀನಿ, ಅವಳ ಗಂಡ ಬರ್ನಾರ್ಡ್, ಈ ನಾಲ್ವರೂ ಸರದಿಯಂತೆ ಕಥೆ ಹೇಳುತ್ತಾರೆ. ತರಗತಿಯಲ್ಲಿ ಎಂಬತ್ತರ ಸಮೀಪದ ಬಿಳಿಯ ಅಜ್ಜನೊಬ್ಬರಿದ್ದರು, ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಬಾಡಿಗೆ ಕೋಣೆಯ ಪ್ರಸಂಗ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕರಿಯರಿಗೆ ಕೋಣೆಯಿಲ್ಲ ಎಂಬ ಫಲಕ ನಮ್ಮ ಕಿಟಕಿಯಲ್ಲೂ ಇತ್ತು. ಅಮ್ಮ ಹೇಳಿದ್ದನ್ನು ರಟ್ಟಿನ ಮೇಲೆ ಬರೆದವನು ನಾನು, ನನ್ನ ಅಕ್ಷರ ದುಂಡಗಿತ್ತು" ಎಂದರು. ಅವರ ಎದುರು ಕುಳಿತಿದ್ದಾಕೆಯ ತಂದೆತಾಯಿ ಜಮೈಕಾದವರು. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಯಾವ ಬೀದಿ?" ಎಂದಷ್ಟೇ ಕೇಳಿದರು.

ಆ ಅಜ್ಜ ಉತ್ತರಿಸಿದರು. ಆಕೆ ತಲೆಯಾಡಿಸಿದರು. ಟ್ಯೂಟರ್ ಅದಕ್ಕೆ ಯಾವ ಪರಿಭಾಷೆಯನ್ನೂ ಹಚ್ಚಲಿಲ್ಲ, ಅದು ಅವರ ದೊಡ್ಡತನ.

ಧಾರವಾಡದ ಮಾಸ್ತರ

ಕೊನೆಯ ಸಾಲು ನನಗೆ ಹೇಳಿದ್ದೆಂದು ತಿಳಿದುಕೊಳ್ಳಲೇ?

ಲೆಸ್ಟರ್ ಅಮ್ಮ

ಹಾಗೆ ಅನ್ನಿಸಿದರೆ ಹಾಗೆಯೇ ತಿಳಿದುಕೊಳ್ಳಿ ಸರ್.

ತುಂಗಾತೀರ

ಎಲ್ಲರಿಗೂ ಕೃತಜ್ಞತೆ. ಮಾಸ್ತರರೇ, ನನಗೆ ಬೇಸರವಿಲ್ಲ, ಯಹೂದಿ ಹುಡುಗಿಯರ ಅಧ್ಯಾಯವನ್ನು ನಾನು ಇನ್ನೂ ತಲುಪಿರಲಿಲ್ಲ ಎಂಬುದು ನಿಜ.

ಲೆಸ್ಟರ್ ಅಮ್ಮನವರು ಬಾಗಿಲು ಎಂದದ್ದು ಸರಿ, ಆದರೆ ಆ ಬಾಗಿಲಿಗೆ ಇನ್ನೊಂದು ಮಗ್ಗುಲೂ ಇದೆ. ಎರಡನೆಯ ವಾರ ನಾವು ಸಂಜೀವ್ ಸಹೋಟಾ ಅವರ 'ದಿ ಇಯರ್ ಆಫ್ ದಿ ರನ್‌ಅವೇಸ್' ಓದಿದೆವು. ಲೇಖಕರು ಡರ್ಬಿಯಲ್ಲಿ ಹುಟ್ಟಿದವರು, ಕಥೆ ನಡೆಯುವುದು ನಮ್ಮ ಪಕ್ಕದ ಶೆಫೀಲ್ಡ್‌ನಲ್ಲಿ: ಕಾಗದಪತ್ರವಿಲ್ಲದೆಯೋ ಸುಳ್ಳು ಮದುವೆಯ ವೀಸಾದಲ್ಲೋ ಬಂದ ಹುಡುಗರು ಒಂದೇ ಮನೆಯಲ್ಲಿ ಒತ್ತೊತ್ತಾಗಿ ಮಲಗಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಪಂಜಾಬಿ ಮಾತುಗಳು ಅಲ್ಲಲ್ಲಿ ಅರ್ಥ ವಿವರಿಸದೆಯೇ ಬರುತ್ತವೆ. ಅಂಥ ಮಾತು ಬಂದಾಗಲೆಲ್ಲ ಹನ್ನೆರಡು ತಲೆಗಳು ನನ್ನ ಕಡೆ ತಿರುಗುತ್ತಿದ್ದವು. ನನಗೆ ಪಂಜಾಬಿ ಎಷ್ಟು ಗೊತ್ತೋ ಅವರಿಗೂ ಅಷ್ಟೇ ಗೊತ್ತು ಎಂದು ಎರಡು ಸಲ ಹೇಳಿದೆ, ಮೂರನೆಯ ಸಲ ಸೋತು ಒಂದು ಊಹೆ ಹೇಳಿಬಿಟ್ಟೆ, ಅದು ತಪ್ಪಾಗಿತ್ತೆಂದು ಮನೆಗೆ ಹೋಗಿ ಹುಡುಕಿದಾಗ ತಿಳಿಯಿತು. ಆದರೆ ಅದೇ ಪುಸ್ತಕದ ತೋಚಿ ಎಂಬ ಬಿಹಾರದ ದಲಿತ ಯುವಕ, ಶೆಫೀಲ್ಡ್‌ಗೆ ಬಂದ ಮೇಲೂ ಜಾತಿಯನ್ನು ಮುಚ್ಚಿಡಬೇಕಾಗುವ ಪ್ರಸಂಗ ಬಂದಾಗ, ಸಮುದ್ರ ದಾಟಿದ ಮೇಲೂ ಇದು ಹೇಗೆ ಸಾಧ್ಯ ಎಂದು ಒಬ್ಬರು ಕೇಳಿದರು. ಆಗ ಮಾತ್ರ ನಾನು ಯಾವ ಊಹೆಯೂ ಇಲ್ಲದೆ ಉತ್ತರ ಹೇಳಬಲ್ಲವಳಾಗಿದ್ದೆ. ಈ ಊರಿನಲ್ಲೇ, ನಮ್ಮವರ ಮನೆಗಳಲ್ಲೇ, ಹೊಸಬರು ಬಂದಾಗ ಮನೆತನದ ಹೆಸರು, ಊರು, ಊಟ ಎಂದು ಸುತ್ತಿ ಬಳಸಿ ಅದನ್ನೇ ಕೇಳುವುದನ್ನು ಕಂಡಿದ್ದೇನೆ, ನಾನೂ ಕೇಳಿದ್ದೇನೆ. ಹಾಗೆಂದು ತರಗತಿಯಲ್ಲಿ ಒಪ್ಪಿಕೊಂಡೆ. ಆ ದಿನ ಯಾರೂ ಸಾಂಸ್ಕೃತಿಕ ವ್ಯತ್ಯಾಸ ಎನ್ನಲಿಲ್ಲ ಎಂಬುದು ಈಗ ಹೊಳೆಯುತ್ತಿದೆ.

ಚಾಮರಾಜಪೇಟೆ

ಇಷ್ಟೆಲ್ಲ ಯೋಚನೆ ಮಾಡುವವರು ಕನ್ನಡ ಕಾದಂಬರಿಯನ್ನೇ ಓದಬಹುದಲ್ಲ, ಬಟ್ಲರನ ಕಥೆ ನಮಗೇಕೆ?

ಕ್ಲೈಡ್ ದಂಡೆ

ಎರಡನ್ನೂ ಓದಬಾರದೆಂದು ಯಾರು ಹೇಳಿದರು? ಊಟಕ್ಕೆ ಕುಳಿತವನಿಗೆ ಪಲ್ಯ ಬೇಕೋ ಸಾರು ಬೇಕೋ ಎಂದು ಕೇಳಿದ ಹಾಗಾಯಿತು.

ಸಂಜೆ ಪಾಠ

ಕನ್ನಡದ ಮಾತು ಬಂದದ್ದರಿಂದ ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬುಕರ್ ಪಡೆದ ಮೇಲೆ ನನ್ನ ತರಗತಿಯವರೇ ಅದನ್ನು ಓದೋಣವೆಂದರು. ಪ್ರಕಟಿಸಿದ್ದು ಶೆಫೀಲ್ಡ್‌ನ 'ಅಂಡ್ ಅದರ್ ಸ್ಟೋರೀಸ್' ಪ್ರಕಾಶನ, ಅನುವಾದಕಿ ದೀಪಾ ಭಾಸ್ತಿ ಮಡಿಕೇರಿಯವರು, ಬಹುಮಾನದ ಐವತ್ತು ಸಾವಿರ ಪೌಂಡ್ ಇಬ್ಬರಿಗೂ ಸಮಪಾಲು. ಇದು ಬ್ರಿಟಿಷ್ ಕಥನವಲ್ಲ, ಪಟ್ಟಿಗೆ ಸೇರುವುದಿಲ್ಲ ಎಂದು ಒಬ್ಬರು ನಿಯಮ ಎತ್ತಿದರು. ಬ್ರಿಟನ್ನಿನಲ್ಲಿ ಅಚ್ಚಾಗಿ, ಬ್ರಿಟನ್ನಿನ ಓದುಗರ ಕೈಗೆ ಬಂದದ್ದನ್ನು ಇಂದಿನ ಬ್ರಿಟನ್ನಿನ ಓದು ಎನ್ನಲಡ್ಡಿಯಿಲ್ಲ ಎಂದು ಇನ್ನೊಬ್ಬರು ವಾದಿಸಿದರು. ಅರ್ಧ ಗಂಟೆ ಅದರಲ್ಲೇ ಹೋಯಿತು, ನಾನು ತಡೆಯಲಿಲ್ಲ.

ಆ ಅನುವಾದದಲ್ಲಿ ಕನ್ನಡ, ಉರ್ದು, ಅರೇಬಿಕ್ ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಮೊದಲ ವಾರ ಕೆಲವರು ಗೊಣಗಿದರು. ಆಗ ನಾನು 'ಎದೆಯ ಹಣತೆ'ಯ ಒಂದು ಪುಟವನ್ನು ಕನ್ನಡದಲ್ಲೇ ಓದಿದೆ. ಹನ್ನೊಂದು ವರ್ಷದಲ್ಲಿ ನಾನು ತರಗತಿಯಲ್ಲಿ ಕನ್ನಡ ಮಾತಾಡಿದ್ದು ಅದೇ ಮೊದಲು. ಎರಡನೆಯ ಸಾಲಿಗೆ ನನ್ನ ಸ್ವರ ನಡುಗಿತು ಎಂಬುದನ್ನು ಇಲ್ಲಿ ಮಾತ್ರ ಹೇಳಿಕೊಳ್ಳುತ್ತಿದ್ದೇನೆ.

ಧಾರವಾಡದ ಮಾಸ್ತರ

ಚಾಮರಾಜಪೇಟೆಯವರ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಅಲ್ಲಿ ತಮ್ಮ ಮೇಷ್ಟರಾಗಿದ್ದ ಕಾದಂಬರಿಕಾರ ಮ್ಯಾಲ್ಕಂ ಬ್ರಾಡ್‌ಬರಿ ಅವರ ಜೊತೆ ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದ್ದೇ ಆ ಬರವಣಿಗೆಗೆ ಕಿಡಿಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಇದೇ ಬ್ರಾಡ್‌ಬರಿ ಮುಂದೆ ನಾರಿಚ್‌ನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಆಂಗಸ್ ವಿಲ್ಸನ್ ಜೊತೆಗೂಡಿ 1970ರಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿದರು. ಅದರ ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಇವಾನ್, ಹತ್ತು ವರ್ಷದ ನಂತರ ಅಲ್ಲಿಂದ ಹೊರಬಿದ್ದವರು ನಮ್ಮ ಇಶಿಗುರೊ. ದೂರ್ವಾಸಪುರದ ಅಗ್ರಹಾರಕ್ಕೂ ಡಾರ್ಲಿಂಗ್ಟನ್ ಬಂಗಲೆಗೂ ನಡುವೆ ಹೀಗೆ ಒಬ್ಬರೇ ಮೇಷ್ಟರು ನಿಂತಿದ್ದಾರೆ. ಬೇಕಾದರೆ ಇನ್ನೊಂದು ಮಾತು: ನಾರಣಪ್ಪನ ಶವ ಮನೆಯೊಳಗೆ ಕೊಳೆಯುತ್ತಿರುವಾಗ ವಿಧಿನಿಯಮಗಳ ಗ್ರಂಥ ತಿರುವುತ್ತ ಕುಳಿತ ಪ್ರಾಣೇಶಾಚಾರ್ಯರಿಗೂ, ತಂದೆಯ ಶವ ಮೇಲಿರುವಾಗ ಲೋಟ ತುಂಬಿಸುವ ಸ್ಟೀವನ್ಸನಿಗೂ ದೂರದ ನೆಂಟಸ್ತಿಕೆ ಇದ್ದರೂ ಇರಬಹುದು.

ಚಾಮರಾಜಪೇಟೆ

ಇದನ್ನು ಒಪ್ಪಿದೆ. ಮೊದಲೇ ಹೀಗೆ ಹೇಳಿದ್ದರೆ ನಾನು ಎಂ.ಎ. ಬಿಡುತ್ತಿರಲಿಲ್ಲ.

ಲೆಸ್ಟರ್ ಅಮ್ಮ

ನೆಂಟಸ್ತಿಕೆ ಬೇಡ. ಆಚಾರ್ಯರು ಊರು ಬಿಟ್ಟು ಹೊರಟು, ಕೊನೆಗೆ ನಡೆದದ್ದನ್ನೆಲ್ಲ ಹೇಳಿಬಿಡುವ ಯೋಚನೆಯಲ್ಲಿ ಊರ ಕಡೆ ಮುಖ ಮಾಡುತ್ತಾರೆ. ಸ್ಟೀವನ್ಸ್ ಆರು ದಿನ ಮೋಟಾರು ಕಾರಿನಲ್ಲಿ ತಿರುಗಾಡಿ ಅದೇ ಬಂಗಲೆಗೆ ಮರಳಲು ಸಿದ್ಧನಾಗುತ್ತಾನೆ.

ಪುಸ್ತಕದ ಹುಳು

ನನಗೂ ಸೇರಬೇಕೆನ್ನಿಸುತ್ತಿದೆ. ಪುಸ್ತಕಗಳನ್ನು ಎಲ್ಲ ಕೊಂಡುಕೊಳ್ಳಬೇಕೇ? ಶುಲ್ಕ ಹೆಚ್ಚೇ?

ಸಂಜೆ ಪಾಠ

ಕೊಳ್ಳಬೇಕಿಲ್ಲ. ಹಲವು ಕೌನ್ಸಿಲ್‌ಗಳ ಗ್ರಂಥಾಲಯಗಳು ಓದುಗ ಬಳಗಗಳಿಗೆಂದು ಒಂದೇ ಪುಸ್ತಕದ ಹತ್ತಾರು ಪ್ರತಿಗಳನ್ನು ಕಟ್ಟಾಗಿ ಎರವಲು ಕೊಡುತ್ತವೆ. ಮೊಬೈಲಿನಲ್ಲಿ ಓದುವವರಿಗೆ ಲಿಬ್ಬಿ, ಬಾರೋಬಾಕ್ಸ್ ಎಂಬ ಗ್ರಂಥಾಲಯದ ಆ್ಯಪ್‌ಗಳಿವೆ. ಶುಲ್ಕ ಊರಿಂದೂರಿಗೆ ಬೇರೆ. ಸರಕಾರದ ಕೆಲವು ಭತ್ಯೆ ಪಡೆಯುವವರಿಗೆ ಅನೇಕ ಕಡೆ ಉಚಿತ, ಸೇರುವ ಮುನ್ನ ಕೇಳಲು ಸಂಕೋಚಪಡಬೇಡಿ.

ತುಂಗಾತೀರ

ಮಂಗಳವಾರ ಕಳೆಯಿತು. ವರದಿ ಒಪ್ಪಿಸುವುದು ನನ್ನ ಕರ್ತವ್ಯವಾದ್ದರಿಂದ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಸಂಜೆ ಪಾಠದವರು ಹೇಳಿದಂತೆ ಆ ಪ್ರಸಂಗವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಹಾಸಿಗೆಯಲ್ಲಿರುವ ತಂದೆ ತಾನು ಒಳ್ಳೆಯ ತಂದೆಯಾಗಿದ್ದೆನೇ ಎಂದು ಮಗನ ಮುಂದೆ ಅನುಮಾನ ಹೇಳಿಕೊಳ್ಳುತ್ತಾನೆ. ಮಗ ಅದಕ್ಕೆ ಉತ್ತರವನ್ನೇ ಕೊಡದೆ, ನಿಮಗೆ ಈಗ ಗುಣವಾಗುತ್ತಿರುವುದು ಸಂತೋಷ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಆಮೇಲೆ ಕೆಳಗಿಳಿದು ಕೆಲಸ ಮುಂದುವರಿಸುತ್ತಾನೆ. ಅಳು ಬಂತೆಂದು ಸ್ಟೀವನ್ಸ್ ಎಲ್ಲಿಯೂ ಹೇಳುವುದಿಲ್ಲ. ಆದರೆ ಮೊದಲು ಒಬ್ಬ ತರುಣ ಅತಿಥಿ ಅವನಿಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾನೆ, ಆಮೇಲೆ ಯಜಮಾನನೇ, ನೀನು ಅಳುತ್ತಿರುವಂತೆ ಕಾಣುತ್ತೀಯಲ್ಲ ಎನ್ನುತ್ತಾನೆ. ಸ್ಟೀವನ್ಸ್ ನಕ್ಕು, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ದಿನವಿಡೀ ದಣಿವು ಎನ್ನುತ್ತಾನೆ. ಮೊದಲ ಓದಿನಲ್ಲಿ ಈ ಎರಡು ಸಾಲುಗಳ ಮೇಲೆ ನನ್ನ ಕಣ್ಣು ಜಾರಿಹೋಗಿತ್ತು. ತಂದೆಯನ್ನು ನೋಡಿದ ವೈದ್ಯರನ್ನು ಅವನು ಅಲ್ಲಿಂದಲೇ ಫ್ರೆಂಚ್ ಅತಿಥಿಯೊಬ್ಬನ ನೊಂದ ಕಾಲುಗಳನ್ನು ನೋಡಲು ಕಳಿಸುತ್ತಾನೆ ಎಂಬುದನ್ನೂ ನಾನು ಗಮನಿಸಿರಲಿಲ್ಲ.

ಇದನ್ನು ತರಗತಿಯಲ್ಲಿ ಪುಟ ತೋರಿಸಿ ಓದಿದೆ. ಕಳೆದ ವಾರದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ ಎಂದೆ, ಆದರೆ ಪೂರ್ತಿಯಾಗಿ ಅಲ್ಲ. ಮಾಸ್ತರರು ಹೇಳಿದಂತೆ ಅವನು ನಂಬಲರ್ಹನಲ್ಲ ಎನ್ನುವುದಾದರೆ, ಯಜಮಾನ ಹೇಳಿದ ಆ ಅಳುವಿನ ಮಾತನ್ನು ನಮಗೆ ಮುಟ್ಟಿಸಿದವರು ಯಾರು? ಅವನೇ ತಾನೇ? ಇಡೀ ಪುಸ್ತಕವನ್ನು ಹೇಳುತ್ತಿರುವವನು ಅವನೊಬ್ಬನೇ. ಆ ಸಾಲನ್ನು ನುಂಗಿಬಿಡಬಹುದಿತ್ತು, ನುಂಗಲಿಲ್ಲ. ಟ್ಯೂಟರ್ ಏನೂ ಹೇಳದೆ ಬೋರ್ಡಿನ ಮೇಲೆ ನನ್ನ ಪ್ರಶ್ನೆಯನ್ನು ಬರೆದರು.

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆದರೆ ಮಾತು ಬಂದುಬಿಟ್ಟಿತು. 2003ರಲ್ಲಿ ಅಪ್ಪ ತೀರಿಕೊಂಡಾಗ ಶಿವಮೊಗ್ಗದಿಂದ ಫೋನು ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಪಟ್ಟಿಯಲ್ಲಿ ಇನ್ನೂ ನಾಲ್ಕು ರೋಗಿಗಳಿದ್ದರು. ನಾಲ್ವರದೂ ಮುಗಿಸಿದೆ: ಒಂದು ಮೊಣಕಾಲು, ಎರಡು ಎದೆ, ಒಂದು ಮಗುವಿನ ಮುಂಗೈ. ಉಸಿರು ಹಿಡಿಯಿರಿ, ಈಗ ಬಿಡಿ ಎಂದು ಎಂದಿನ ಹಾಗೆಯೇ ಹೇಳಿದೆ. ಜೊತೆಯಲ್ಲಿದ್ದವಳು, ನಿನಗೆ ನೆಗಡಿಯಾಗಿದೆಯೇ ಎಂದಳು. ಹೌದು ಎಂದೆ. ಅದನ್ನು ನಾನು ಘನತೆ ಎಂದು ಕರೆಯುತ್ತ ಬಂದಿದ್ದೆ. ಬೇರೆ ಹೆಸರು ಕೊಡುವ ಧೈರ್ಯವಿರಲಿಲ್ಲ.

ಶಾಲಾ ಶಿಕ್ಷಕಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ, ನನ್ನ ಕಡೆ ನೋಡಿ ಸುಮ್ಮನಾದರು. ಆದರೆ ಬಸ್ ಚಾಲಕರಾಗಿ ನಿವೃತ್ತರಾದ ಒಬ್ಬರು ನನ್ನ ಮಾತನ್ನೂ ಒಪ್ಪಲಿಲ್ಲ. ಬಾರ್ನ್‌ಸ್ಲಿ ಕಡೆಯವರು, ತಂದೆ ಕಲ್ಲಿದ್ದಲು ಗಣಿಯಲ್ಲಿದ್ದರಂತೆ. "ನನ್ನ ತಮ್ಮ ಸತ್ತ ಮರುದಿನ ಅಪ್ಪ ಪಾಳಿಗೆ ಹೋದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಘನತೆ ಎನ್ನಲಿಲ್ಲ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ, ಅಷ್ಟೇ. ಘನತೆಯ ಮಾತಾಡುವವನಿಗೆ ಬಂಗಲೆಯಲ್ಲಿ ಊಟ ಸಿಗುತ್ತಿತ್ತು" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾಲ್ಕು ದಿನಗಳಿಂದ ಹುಡುಕುತ್ತಿದ್ದೇನೆ.

ಧಾರವಾಡದ ಮಾಸ್ತರ

ಮೇಡಂ, ಮೂವತ್ತು ವರ್ಷ ನಾನು ಆ ಪ್ರಸಂಗವನ್ನು ಪಾಠ ಮಾಡಿದೆ. ಆ ಸಾಲನ್ನು ನಮಗೆ ಮುಟ್ಟಿಸಿದವರು ಯಾರು ಎಂಬ ನಿಮ್ಮ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳುವಂತೆ ನಾನು ಪಾಠ ಮಾಡಿರಲಿಲ್ಲ ಎಂದರೂ ಸರಿ. ಯಹೂದಿ ಹುಡುಗಿಯರ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗದು.

ತುಂಗಾತೀರ

ಅಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ ಮಾಸ್ತರರೇ. ಆ ಅಧ್ಯಾಯ ಓದಿದ ರಾತ್ರಿ ಪುಸ್ತಕವನ್ನು ಮಗುಚಿಟ್ಟು ಎದ್ದುಬಿಟ್ಟೆ.

ಲೆಸ್ಟರ್ ಅಮ್ಮ

ಆ ಬಸ್ ಚಾಲಕರನ್ನು ಬಿಡಬೇಡಿ, ಮುಂದಿನ ವಾರ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ಮುಂದಿನ ಪುಸ್ತಕ ಯಾವುದು?

ತುಂಗಾತೀರ

'ಸ್ಮಾಲ್ ಐಲೆಂಡ್'. ಬರ್ನಾರ್ಡ್ ಯುದ್ಧಕಾಲದಲ್ಲಿ ಭಾರತದಲ್ಲಿರುವ ಭಾಗವನ್ನು ಮೊದಲೇ ಓದಿಬಿಡಲೇ ಎಂದು ಟ್ಯೂಟರನ್ನು ಕೇಳಿದೆ. ಕೂಡದಂತೆ, ಕ್ವೀನಿಯಿಂದಲೇ ಆರಂಭಿಸಬೇಕಂತೆ. ಗ್ರಂಥಾಲಯದ ಪ್ರತಿಯಲ್ಲಿ ಹಿಂದೆ ಓದಿದವರು ಯಾರೋ ಬರ್ನಾರ್ಡ್‌ನ ಪುಟಗಳ ಅಂಚಿನ ತುಂಬ ಪೆನ್ಸಿಲಿನಲ್ಲಿ ಜಗಳವಾಡಿದ್ದಾರೆ, ಅದನ್ನು ಓದದೆ ದಾಟುವುದೇ ಈಗ ಕಷ್ಟವಾಗಿದೆ.